ಮೊದಲ ಗಿಟಾರ್‌ಗೆ ಯಾವ ಪಾಲಿಶ್? ಎಲ್ಲಾ ಓದಿ ತಲೆ ಕೆಟ್ಟಿದೆ

ಕೀಸುಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ತಿಂಗಳಿಂದ ರಾತ್ರಿ ಒಂದೊಂದು ಗಂಟೆ ಕದ್ದು ಒಂದು ಅಕೂಸ್ಟಿಕ್ ಗಿಟಾರ್ ಮಾಡ್ತಾ ಇದ್ದೀನಿ. ಇದೇ ಮೊದಲನೇದು. ಮೇಲ್ಹಲಗೆ ಸ್ಪ್ರೂಸ್ (ಪೈನ್ ಜಾತಿಯ ಬೆಳ್ಳನೆ ಮರ). ಬೆನ್ನು, ಪಕ್ಕೆ, ಕುತ್ತಿಗೆ ಮೂರೂ ಮಹಾಗನಿ. ಬೆರಳೊತ್ತೋ ಫ್ರೆಟ್‌ಬೋರ್ಡ್, ಮೇಲ್ಹಲಗೆ ಮೇಲೆ ತಂತಿ ಕಚ್ಚಿ ಹಿಡಿಯೋ ಬ್ರಿಜ್ ಮತ್ತೆ ಅಂಚಿನ ಸುತ್ತ ಓಡೋ ಪಟ್ಟಿ ಬೀಟೆ. ಉಕ್ಕಿನ ತಂತಿ ಹಾಕೋ ಗಿಟಾರ್. ಪೆಟ್ಟಿಗೆ ಮುಚ್ಚಿದ್ದಾಯ್ತು, ಕುತ್ತಿಗೆ ಕೂರಿಸಿದ್ದಾಯ್ತು, ಫ್ರೆಟ್ ಹೊಡೆದದ್ದೂ ಆಯ್ತು. ಬ್ರಿಜ್ ಮಾತ್ರ ಇನ್ನೂ ಅಂಟಿಸಿಲ್ಲ. ಬೆರಳ ಗೆಣ್ಣಲ್ಲಿ ಮೇಲ್ಹಲಗೆ ತಟ್ಟಿದರೆ ಒಳ್ಳೇ ಗುಂಯ್ ಅನ್ನತ್ತೆ. ಒಂದು ವಾರದಿಂದ ಬೇರೆ ಕೆಲಸ ಇಲ್ಲ, ತಟ್ಟೋದು ಕೇಳೋದು, ಅಷ್ಟೇ.

ಪಾಲಿಶ್ ಹತ್ರ ಬಂದು ಕೈ ನಿಂತುಬಿಟ್ಟಿದೆ. ಮೇಜು ಕುರ್ಚಿ ಮಾಡೋ ಸ್ನೇಹಿತ ಒಬ್ಬ "ಪಾಲಿಯುರೆಥೇನ್ ಬಳಿ, ನೀರು ಬಿದ್ದರೂ ಜಪ್ಪಯ್ಯ ಅನ್ನಲ್ಲ" ಅಂತಾನೆ. ಇನ್ನೊಬ್ಬರು ಎಣ್ಣೆ ಉಜ್ಜಿ ಸಾಕು ಅಂತಾರೆ. ವಿಡಿಯೋಗಳಲ್ಲಿ ನೋಡಿದರೆ ಎಲ್ಲರ ಕೈಲೂ ಸ್ಪ್ರೇ ಗನ್. ನನ್ನ ಹತ್ರ ಸ್ಪ್ರೇ ಗನ್ ಇಲ್ಲ, ಪ್ರತ್ಯೇಕ ಕೋಣೆಯೂ ಇಲ್ಲ. ಕಿಟಕಿ ಇರೋ ಒಂದು ಮೂಲೆ, ಒಂದು ಮೇಜು, ಒಂದು ದೀಪ.

ಸುಮ್ನೆ ಕೇಳೋದು ಬೇಡ ಅಂತ ಉಳಿಕೆ ತುಂಡುಗಳ ಮೇಲೆ ಪಾಲಿಯುರೆಥೇನ್ ಬಟ್ಟೆಯಲ್ಲಿ ಒರೆಸಿ ನೋಡಿದೆ. ಎರಡು ಎಡವಟ್ಟು ಆಯ್ತು. ಮಹಾಗನಿ ತುಂಡು ಚೆಂದ ಕೆಂಪಾಯ್ತು, ಆದರೆ ಮಧ್ಯೆ ಮಧ್ಯೆ ನಾಲ್ಕೈದು ಕಡೆ ತೊನ್ನು ಹತ್ತಿದ ಹಾಗೆ ಬಿಳಿಚಿಕೊಂಡಿದೆ. ಬೀಟೆ ತುಂಡು ನಾಲ್ಕು ದಿನ ಆದರೂ ಒಣಗಿಲ್ಲ, ಬೆರಳಿಟ್ಟರೆ ಗುರುತು ಮೂಡತ್ತೆ. ಇದೇ ಗಿಟಾರ್ ಮೇಲೆ ಆಗಿದ್ದರೆ ಹದಿನಾಲ್ಕು ತಿಂಗಳು ಗೋವಿಂದ.

ಯಾವುದು ಬಳಿಯಲಿ, ಎಷ್ಟು ನಂಬರಿನ ಉಪ್ಪುಕಾಗದದವರೆಗೆ ಉಜ್ಜಲಿ, ಬ್ರಿಜ್ ಮೊದಲು ಅಂಟಿಸಲಾ ಆಮೇಲಾ? ಅನುಭವ ಇರೋರು ದಯವಿಟ್ಟು ಹೇಳಿ.

ಹಳೇ ಉಳಿ

ಆ ಒಣಗದ ಬೀಟೆ ತುಂಡನ್ನು ಎಸೀಬೇಡಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದೇ ಕೊಟ್ಟಿದೆ.

ಬೀಟೆ ಜಾತಿಯ ಮರದೊಳಗೆ ಹುಟ್ಟಾ ಇರುವ ಜಿಡ್ಡು ಕೆಲವು ಫಿನಿಶ್‌ಗಳಿಗೆ ಅಡ್ಡಗಾಲು ಹಾಕುತ್ತೆ. ಎಣ್ಣೆ ಆಧಾರದ ಪಾಲಿಯುರೆಥೇನ್, ವಾರ್ನಿಶ್, ಅಗಸೆ ಎಣ್ಣೆ ಇವೆಲ್ಲ ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುವಂಥವು. ಬೀಟೆಯ ಒಳಗಿನ ವಸ್ತು ಅದನ್ನೇ ತಡೆಯುತ್ತೆ. ಡಬ್ಬಿಯದು ತಪ್ಪಲ್ಲ, ನಿಮ್ಮದೂ ತಪ್ಪಲ್ಲ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮಾಡುವ ಪಾಲಿಶ್ ಒಣಗುವ ಬಗೆ ಬೇರೆ. ಅಲ್ಲಿ ಯಾವ ಕ್ರಿಯೆಯೂ ನಡೆಯಬೇಕಿಲ್ಲ, ಸ್ಪಿರಿಟ್ ಹಾರಿತು, ಅರಗು ಉಳಿಯಿತು, ಕೆಲಸ ಮುಗಿಯಿತು. ಹಾಗಾಗಿ ಬೀಟೆ ಮೇಲೂ ಅದು ತಕರಾರಿಲ್ಲದೆ ಒಣಗುತ್ತೆ. ಬೀಟೆಗೆ ಬೇರೆ ಏನೇ ಬಳಿಯುವವರೂ ಮೊದಲು ಒಂದು ಕೈ ಅರಗು ಕೊಟ್ಟು ಮುಚ್ಚಿಬಿಡುವುದು ಅದಕ್ಕೇ.

ಮಹಾಗನಿ ಮೇಲಿನ ಬಿಳಿ ಮಚ್ಚೆ ಅಂಟು. ಕೂಡಿಸುವಾಗ ಹೊರಗೆ ಉಕ್ಕಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿರುತ್ತೀರಿ, ಅದು ತೆಳ್ಳಗಾಗಿ ಹರಡಿ ಮರದ ರಂಧ್ರದೊಳಗೆ ಕೂತಿರುತ್ತೆ. ಬರಿಗಣ್ಣಿಗೆ ಕಾಣಲ್ಲ. ಕಾಣಿಸಬೇಕಾದರೆ ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಇಡೀ ಗಿಟಾರ್ ಒಮ್ಮೆ ಒರೆಸಿ. ಮರ ಕಪ್ಪಾಗುತ್ತೆ, ಅಂಟಿರುವ ಜಾಗ ಮಾತ್ರ ಬಿಳಿಚಿಕೊಂಡೇ ಇರುತ್ತೆ. ಆರುವ ಮುಂಚೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ, ಒಣಗಿದ ಮೇಲೆ ಹೆರೆಯಿರಿ. ಬೀಟೆ ಪಟ್ಟಿಯ ಹತ್ತಿರ ಮಾತ್ರ ಸ್ಪಿರಿಟ್ ಬಟ್ಟೆ ತರಬೇಡಿ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಈಗ ಯಾವ ಪಾಲಿಶ್ ಅನ್ನುವುದು. ನನ್ನ ಮೊದಲ ಗಿಟಾರ್ ಕಥೆ ಹೇಳಿದರೆ ನಿಮಗೇ ಗೊತ್ತಾಗುತ್ತೆ.

ನಾನೂ ನಿಮ್ಮ ಸ್ನೇಹಿತನಂಥವರ ಮಾತು ಕೇಳಿ ಪಾಲಿಯುರೆಥೇನ್ ಬಳಿದೆ, ಅದೂ ಬ್ರಶ್ಶಿನಲ್ಲಿ, ಐದು ಕೈ. ಒಣಗಿದ ಮೇಲೆ ಬ್ರಶ್ಶಿನ ಗೀರು ಹೋಗಲಿ ಅಂತ ಉಜ್ಜಲು ಕೂತೆ. ಅರ್ಧ ಗಂಟೆಯಲ್ಲಿ ಮೇಲ್ಹಲಗೆ ತುಂಬಾ ಭೂಪಟದಲ್ಲಿ ಬೆಟ್ಟದ ಎತ್ತರ ತೋರಿಸುವ ಗೆರೆಗಳ ಹಾಗೆ ಉಂಗುರಗಳು ಎದ್ದವು. ಈ ಬಣ್ಣದಲ್ಲಿ ಒಂದು ಪದರ ಇನ್ನೊಂದರೊಳಗೆ ಕರಗಿ ಬೆರೆಯಲ್ಲ, ಒಂದರ ಮೇಲೊಂದು ಹಪ್ಪಳದ ಹಾಗೆ ಕೂತಿರುತ್ತೆ. ಉಜ್ಜುವಾಗ ಒಂದು ಪದರ ಹರಿದು ಕೆಳಗಿನದು ಇಣುಕಿತೋ, ಆ ಅಂಚು ಗೆರೆಯಾಗಿ ಉಳಿಯಿತು. ತೇಪೆ ಹಾಕಿದರೆ ತೇಪೆ ಕಾಣುತ್ತೆ. ಕೊನೆಗೆ ಸ್ಕ್ರೇಪರ್ ಹಿಡಿದು ಮೂರು ವಾರ ಹೆರೆದೆ. ಹೆರೆಯುವಾಗ ಮರವೂ ಹೋಯಿತು. ಮೇಲ್ಹಲಗೆ ಇರುವುದೇ ಎರಡೂವರೆ ಮೂರು ಮಿಲಿಮೀಟರ್, ಅದರಲ್ಲಿ ಕಳೆದುಕೊಳ್ಳಲು ಏನಿರುತ್ತೆ?

ಅದಕ್ಕೇ ಮೊದಲ ಗಿಟಾರ್ ಮಾಡುವವರು ಯಾರೇ ಕೇಳಿದರೂ ಹೊಳಪು, ಗಟ್ಟಿತನ, ನೀರು ತಡೆಯುವುದು ಇವೆಲ್ಲ ಆಮೇಲೆ ಅನ್ನುತ್ತೇನೆ. ತಪ್ಪು ಆದಾಗ ತಿದ್ದಲು ಬಿಡುವುದು ಯಾವುದು ಅಂತ ಮೊದಲು ನೋಡಿ. ತಪ್ಪು ಆಗುವುದಂತೂ ಖಂಡಿತ. ಆ ಲೆಕ್ಕದಲ್ಲಿ ಅರಗಿಗೆ ಸಮ ಇನ್ನೊಂದಿಲ್ಲ. ಹೊಸ ಕೈ ಹಳೇ ಕೈಯನ್ನು ಕರಗಿಸಿಕೊಂಡು ಒಂದೇ ಆಗುತ್ತೆ. ಎಲ್ಲಿ ಕೆಟ್ಟಿತೋ ಅಲ್ಲಷ್ಟೇ ತಿದ್ದಬಹುದು. ಹತ್ತು ವರ್ಷ ಬಿಟ್ಟು ಗೀರು ಬಿದ್ದರೂ ಅಷ್ಟೇ. ಸ್ಪ್ರೇ ಗನ್ ಬೇಡ, ಕೋಣೆ ಬೇಡ, ನಿಮ್ಮ ಕಿಟಕಿ ಮೂಲೆ ಸಾಕು. ಕ್ಲಾಸಿಕಲ್ ಗಿಟಾರ್ ಮಾಡುವವರಲ್ಲಿ ಬಹಳ ಜನ ಇವತ್ತಿಗೂ ಇದನ್ನೇ ಬಿಡದೆ ಹಿಡಿದುಕೊಂಡಿರುವುದು ಹಳೇ ಕಾಲದ ಮೋಹಕ್ಕಲ್ಲ. ಪದರ ಅಷ್ಟು ತೆಳ್ಳಗಿದ್ದರೆ ಹಲಗೆ ಕಂಪಿಸಲು ಅಡ್ಡಿ ಇರಲ್ಲ. ದಪ್ಪ ಬಳಿದ ನನ್ನ ಮೊದಲ ಗಿಟಾರ್ ತಟ್ಟಿದರೆ ಟಕ್ ಅನ್ನುತ್ತಿತ್ತು, ಗುಂಯ್ ಅಲ್ಲ.

ದೋಷ ಇಲ್ಲ ಅಂತಲ್ಲ. ಶಾಖ ತಡೆಯಲ್ಲ, ಮದ್ಯ ಚೆಲ್ಲಿದರೆ ಕರಗುತ್ತೆ, ಬೆವರು ಜಾಸ್ತಿ ಇರುವವರು ನುಡಿಸಿದರೆ ಮುಂಗೈ ಒರಗುವ ಜಾಗ ಸವೆಯುತ್ತೆ. ಅರಗಿನ ಮನೆಯ ಕತೆ ಕೇಳಿ ಬೆಳೆದವರಿಗೆ ಅರಗು ಬೆಂಕಿಗೆ ಆಗಲ್ಲ ಅಂತ ಹೇಳಬೇಕಾಗಿಲ್ಲ. ಹೌದು, ಅದೇ ಅರಗು. ಪುಟ್ಟ ಹುಳುಗಳು ಮರದ ಕೊಂಬೆ ಮೇಲೆ ಸ್ರವಿಸಿದ್ದನ್ನು ಕೆರೆದು, ಕರಗಿಸಿ, ಸೋಸಿ, ಹಾಳೆ ಎಳೆದು ಒಡೆದ ಚಕ್ಕೆ.

ತಯಾರಿ ಬಗ್ಗೆ. ಉಪ್ಪುಕಾಗದ 120, 180, 220, ಕೊನೆಗೆ 320. ಅಲ್ಲಿಗೆ ನಿಲ್ಲಿಸಿ. ನಂಬರ್ ಹಾರಿಸಬೇಡಿ, 120ರ ಗೀರನ್ನು 320 ತೆಗೆಯಲ್ಲ, ಬರೀ ಹೊಳೆಯುವಂತೆ ಮಾಡುತ್ತೆ. ಎಳೆ ಹೋದ ದಿಕ್ಕಿನಲ್ಲೇ ಉಜ್ಜಿ. ಸ್ಪ್ರೂಸ್‌ನಲ್ಲಿ ಒಂದು ಎಳೆ ಮೆತ್ತಗೆ, ಪಕ್ಕದ್ದು ಗಟ್ಟಿ. ಬೆರಳಲ್ಲಿ ಕಾಗದ ಹಿಡಿದು ಉಜ್ಜಿದರೆ ಮೆತ್ತನೆಯದು ತಗ್ಗಾಗಿ ಇಡೀ ಹಲಗೆ ತಗಡಿನ ಮಾಡಿನಂತೆ ಅಲೆ ಅಲೆ ಆಗುತ್ತೆ. ಕಾಗದದ ಹಿಂದೆ ಗಟ್ಟಿ ಮರದ ತುಂಡು ಇರಲೇಬೇಕು. 220 ಆದಮೇಲೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಸವರಿ ಒಣಗಲು ಬಿಡಿ. ನಾರು ನಿಮಿರಿ ನಿಲ್ಲುತ್ತೆ, ಆಗ 320ರಲ್ಲಿ ಹಗುರಾಗಿ ಬೋಳಿಸಿ.

ಆಮೇಲೆ ರಾತ್ರಿ ದೀಪ ಆರಿಸಿ, ಟಾರ್ಚನ್ನು ಹಲಗೆಗೆ ತಾಗುವಷ್ಟು ತಗ್ಗಿಸಿ ಪಕ್ಕದಿಂದ ಬೆಳಕು ಬಿಡಿ. ಹಗಲಲ್ಲಿ ಕನ್ನಡಿ ಅನ್ನಿಸಿದ ಮೇಲ್ಮೈ ಉತ್ತ ಹೊಲದಂತೆ ಕಾಣುತ್ತೆ. ಬೇಜಾರಾಗುತ್ತೆ. ಪಾಲಿಶ್ ಬಿದ್ದ ಮೇಲೆ ಆಗುವ ಬೇಜಾರಿಗಿಂತ ವಾಸಿ. ಮಹಾಗನಿ ಮೇಲೆ ತಗ್ಗು ಬಿದ್ದಿದ್ದರೆ ಉಜ್ಜಿ ಸರಿ ಮಾಡಲು ಹೋಗಬೇಡಿ, ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆಯ ಮೂತಿಯನ್ನು ಎರಡು ಕ್ಷಣ ತಾಗಿಸಿ, ನಾರು ಉಬ್ಬಿ ಮೇಲೆ ಬರುತ್ತೆ. ಅಂಟಿನ ಕೂಡುಗೆರೆ ಹತ್ತಿರ ಈ ಉಪಾಯ ಬೇಡ, ಬಿಸಿಗೆ ಅಂಟು ಬಿಡುತ್ತೆ.

ಅರಗು ಮೇಣ ತೆಗೆದದ್ದೇ ಬೇಕು, ಬಣ್ಣ ಆದಷ್ಟು ತಿಳಿ ಇರಲಿ. 100 ಮಿಲಿಲೀಟರ್ ಸ್ಪಿರಿಟ್‌ಗೆ 24 ಗ್ರಾಂ ಚಕ್ಕೆ. ಪುಸ್ತಕಗಳಲ್ಲಿ ಇದನ್ನು ಎರಡು ಪೌಂಡ್ ಕಟ್ ಅಂತಾರೆ, ಅಮೆರಿಕದ ಒಂದು ಗ್ಯಾಲನ್‌ಗೆ ಎರಡು ಪೌಂಡ್ ಅನ್ನೋ ಲೆಕ್ಕ. ಗಾಜಿನ ಬಾಟಲಿಯಲ್ಲಿ ಹಾಕಿ ಒಂದು ದಿನ ಬಿಡಿ, ನೆನಪಾದಾಗ ಕುಲುಕಿ, ತೆಳು ಬಟ್ಟೆಯಲ್ಲಿ ಸೋಸಿ. ಗಾಯ ಒರೆಸುವ 70 ಶೇಕಡಾದ ಸ್ಪಿರಿಟ್ ಮಾತ್ರ ಬೇಡವೇ ಬೇಡ. ಉಳಿದ 30 ಶೇಕಡಾ ನೀರು, ಪಾಲಿಶ್ ಮಂಜು ಕವಿದಂತೆ ಆಗುತ್ತೆ. ಬೆರೆಸಿದ ತಾರೀಖು ಬಾಟಲಿ ಮೇಲೆ ಬರೆಯಿರಿ. ಆರು ತಿಂಗಳು ದಾಟಿದ್ದರೆ ಗಾಜಿನ ಮೇಲೆ ಒಂದು ತೊಟ್ಟು ಬಿಟ್ಟು ಮರುದಿನ ಉಗುರಿಂದ ಒತ್ತಿ ನೋಡಿ. ಗುರುತು ಬಿತ್ತೋ, ಚೆಲ್ಲಿ. ಹಳೇ ದ್ರಾವಣ ಎಷ್ಟು ಕಾದರೂ ಗಟ್ಟಿಯಾಗಲ್ಲ.

ಈಗ ಆ ಬೀಟೆ ಪಟ್ಟಿ ವಿಷಯ. ಬೀಟೆಯ ಬಣ್ಣ ಸ್ಪಿರಿಟ್‌ನಲ್ಲಿ ಬಿಡುತ್ತೆ. ಅರಗಿನ ಒದ್ದೆ ಗಂಟನ್ನು ಪಟ್ಟಿ ಮೇಲಿಂದ ಸ್ಪ್ರೂಸ್ ಮೇಲೆ ಎಳೆದಿರೋ, ಬೆಳ್ಳನೆ ಹಲಗೆ ಮೇಲೆ ನೇರಳೆ ಕಂದು ಗೆರೆ ಖಾಯಂ. ಅದಕ್ಕೆ ಸಣ್ಣ ಚಿತ್ರದ ಕುಂಚ ತಗೊಂಡು ಮೊದಲು ಪಟ್ಟಿಗಷ್ಟೇ, ಆಮೇಲೆ ಅದರ ಪಕ್ಕದ ಸ್ಪ್ರೂಸ್‌ಗಷ್ಟೇ, ತೆಳು ಅರಗು ಎರಡು ಮೂರು ಸಲ ಹಚ್ಚಿ ಮುಚ್ಚಿಬಿಡಿ. ಸೌಂಡ್‌ಹೋಲ್ (ಮೇಲ್ಹಲಗೆಯ ದುಂಡು ತೂತು) ಸುತ್ತ ಬಣ್ಣದ ಮರದ ಅಲಂಕಾರದ ಸುತ್ತು, ಅಂದರೆ ರೋಸೆಟ್, ಇದ್ದರೆ ಅಲ್ಲೂ ಇದೇ.

ಗಂಟು ಅಂದೆನಲ್ಲ, ಅದೇ ಇಲ್ಲಿ ಮುಖ್ಯ ಆಯುಧ. ಹಳೇ ಉಣ್ಣೆ ಬಟ್ಟೆಯನ್ನು ಉಂಡೆ ಮಾಡಿ, ತೊಳೆದು ತೊಳೆದು ಮೆತ್ತಗಾದ ಬಿಳಿ ಹತ್ತಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಹಿಂದೆ ಜುಟ್ಟು ಹಿಡಿಯಿರಿ. ಮೊಟ್ಟೆ ಗಾತ್ರ. ತಳದಲ್ಲಿ ಒಂದು ನೆರಿಗೆಯೂ ಇರಬಾರದು. ಒಳಗಿನ ಉಣ್ಣೆಗೆ ಅರಗು ಕುಡಿಸಿ, ಮೇಲೆ ಒಂದೆರಡು ತೊಟ್ಟು ಸ್ಪಿರಿಟ್, ಕಾಗದಕ್ಕೆ ಒತ್ತಿ ಹೆಚ್ಚಾದದ್ದನ್ನು ತೆಗೆಯಿರಿ. ತಳಕ್ಕೆ ಬೆರಳತುದಿಯಲ್ಲಿ ಒಂದು ಹನಿ ಆಲಿವ್ ಎಣ್ಣೆ ತಾಗಿಸಿ. ಎಣ್ಣೆ ಪಾಲಿಶ್‌ನ ಭಾಗ ಅಲ್ಲ, ಗಂಟು ಜಾರಲಿ ಅಂತ ಅಷ್ಟೇ.

ಹಲಗೆ ಮೇಲೆ ಗಂಟನ್ನು ಇಡಬೇಡಿ, ಇಳಿಸಿ. ಹಕ್ಕಿ ನೀರಿನ ಮೇಲೆ ಜಾರಿ ಇಳಿಯುತ್ತಲ್ಲ, ಹಾಗೆ ಚಲಿಸುತ್ತಲೇ ಇಳಿಯಬೇಕು, ಚಲಿಸುತ್ತಲೇ ಏಳಬೇಕು. ಮೊದಲು ಸಣ್ಣ ಸುತ್ತು, ಆಮೇಲೆ ಎಂಟರ ಆಕಾರ, ಕೊನೆಗೆ ಎಳೆಯ ಉದ್ದಕ್ಕೆ. ಹದ ಸರಿ ಇದ್ದರೆ ಗಂಟಿನ ಹಿಂದೆಯೇ ತೆಳ್ಳಗೆ ಒಂದು ಮಬ್ಬು ಬಾಲ ಕಾಣಿಸಿ ಎರಡು ಕ್ಷಣದಲ್ಲಿ ಆರುತ್ತೆ, ಕನ್ನಡಿಗೆ ಉಸಿರು ಬಿಟ್ಟ ಹಾಗೆ. ಬಾಲ ಇಲ್ಲ ಅಂದರೆ ಗಂಟು ಒಣಗಿದೆ. ಬಾಲ ಹೋಗದೆ ನಿಂತಿತು ಅಂದರೆ ಜಾಸ್ತಿ ಒದ್ದೆ, ಕೈ ಎತ್ತಿ. ನಡುವೆ ಫೋನ್ ಬಂತು ಅಂತ ಗಂಟನ್ನು ಒಂದು ಕ್ಷಣ ನಿಲ್ಲಿಸಿದರೂ ಕೆಳಗಿನ ಪದರ ಕಿತ್ತುಕೊಂಡು ಬರುತ್ತೆ. ಫೋನ್ ಬೇರೆ ಕೋಣೆಯಲ್ಲಿರಲಿ. ಇಡೀ ಗಿಟಾರ್‌ಗೆ ಒಂದು ಸುತ್ತು ಬಂದು, ಆರು ಗಂಟೆಯೋ ಒಂದು ರಾತ್ರಿಯೋ ಬಿಟ್ಟು ಮತ್ತೆ. ಹತ್ತು ಹನ್ನೆರಡು ಸಲ ಕೂರಬೇಕಾಗುತ್ತೆ. ಆಗಾಗ ಬರೀ ಸ್ಪಿರಿಟ್ ತಾಗಿಸಿದ, ಬಹುತೇಕ ಒಣಗಿರುವ ಹೊಸ ಗಂಟಿನಲ್ಲಿ ಉದ್ದಕ್ಕೆ ಎಳೆದು ಮೇಲೆ ತೇಲಿದ ಎಣ್ಣೆ ತೆಗೆಯಿರಿ. ಕೆಲಸ ಮುಗಿದಾಗ ಗಂಟನ್ನು ಮುಚ್ಚಳ ಇರುವ ಗಾಜಿನ ಡಬ್ಬಿಯಲ್ಲಿಡಿ, ಹೊರಗಿಟ್ಟರೆ ಬೆಳಿಗ್ಗೆಗೆ ಕಲ್ಲು.

ಮಹಾಗನಿಗೆ ಇನ್ನೊಂದು ಕೆಲಸ ಇದೆ, ರಂಧ್ರ ತುಂಬುವುದು. ಸ್ಪ್ರೂಸ್‌ಗೆ ರಂಧ್ರವೇ ಇಲ್ಲ, ಅಲ್ಲಿಗೆ ಬೇಡ. ಬೆನ್ನು ಪಕ್ಕೆಗೆ ಮೊದಲು ತೆಳು ಅರಗು, ಆಮೇಲೆ ಅತಿ ನುಣುಪಾದ ಪ್ಯೂಮಿಸ್ ಕಲ್ಲಿನ ಪುಡಿ ಚಿಟಿಕೆ ಉದುರಿಸಿ ಸ್ಪಿರಿಟ್ ಗಂಟಿನಲ್ಲಿ ಸುತ್ತುತ್ತಾ ಉಜ್ಜಿ. ಪುಡಿ ಮರವನ್ನು ಕೂದಲೆಳೆಯಷ್ಟು ಸವೆಸುತ್ತೆ, ಆ ಮರದ ಧೂಳು, ಅರಗು, ಪುಡಿ ಮೂರೂ ಸೇರಿ ರಂಧ್ರದೊಳಗೆ ಕೂರುತ್ತೆ. ಮರದ ಬಣ್ಣದ್ದೇ ಮೆತ್ತು, ಅದಕ್ಕಿಂತ ಚೆಂದ ಹೊಂದುವ ಫಿಲ್ಲರ್ ಡಬ್ಬಿಯಲ್ಲಿ ಸಿಗಲ್ಲ. ತೋಳು ನೋಯುತ್ತೆ. ಬೇಡ ಅನ್ನಿಸಿದರೆ ರಂಧ್ರ ಹಾಗೇ ಬಿಡಿ, ಮರ ಮರದ ಹಾಗೆ ಕಾಣುತ್ತೆ, ತಪ್ಪೇನಿಲ್ಲ.

ಬ್ರಿಜ್ ಪಾಲಿಶ್ ಆದಮೇಲೆ. ಆದರೆ ಬ್ರಿಜ್ ಕೂರುವ ಜಾಗದಲ್ಲಿ ಪಾಲಿಶ್ ಇರಬಾರದು. ಈಗಲೇ ಅಳತೆ ತೆಗೆದು, ಬ್ರಿಜ್‌ಗಿಂತ ಸುತ್ತಲೂ ಒಂದು ಮಿಲಿಮೀಟರ್ ಚಿಕ್ಕದಾಗಿ ಕತ್ತರಿಸಿದ ಮಾಸ್ಕಿಂಗ್ ಟೇಪ್ ಅಂಟಿಸಿ. ನನ್ನ ಮೊದಲ ಗಿಟಾರ್‌ಗೆ, ಆ ಬಣ್ಣ ಹೆರೆಯುವ ಮುಂಚೆ, ನಾನು ಟೇಪ್ ಅಂಟಿಸಿರಲಿಲ್ಲ. ಬಣ್ಣದ ಮೇಲೇ ಬ್ರಿಜ್ ಅಂಟಿಸಿ ತಂತಿ ಏರಿಸಿದೆ. ಆರು ತಂತಿ ಸೇರಿ ಎಳೆಯುವ ಬಲ ಸುಮಾರು 70 ಕಿಲೋ. ಒಂಬತ್ತನೇ ದಿನ ನಡುರಾತ್ರಿ ಢಮ್ ಅಂತ ಶಬ್ದ. ಕಳ್ಳ ಬಂದ ಅಂತ ದೊಣ್ಣೆ ಹಿಡಿದು ಎದ್ದೆ. ಬ್ರಿಜ್ ಕಿತ್ತು ತಂತಿಗಳ ಸಮೇತ ನೇತಾಡುತ್ತಿತ್ತು, ಅದರ ತಳದಲ್ಲಿ ನನ್ನ ಐದು ಕೈ ಪಾಲಿಯುರೆಥೇನ್ ಹಾಳೆ ಹಾಳೆಯಾಗಿ ಅಂಟಿಕೊಂಡಿತ್ತು. ಅದು ಮಾತ್ರ ಚೆನ್ನಾಗಿ ಅಂಟಿತ್ತು.

ಫ್ರೆಟ್‌ಬೋರ್ಡ್‌ಗೂ ಟೇಪ್ ಹಾಕಿ, ಬೀಟೆಗೆ ಅಲ್ಲಿ ಏನೂ ಬೇಡ. ಪೆಟ್ಟಿಗೆ ಒಳಗೂ ಏನೂ ಬಳಿಯಬೇಡಿ.

ಎಣ್ಣೆಕೈ

ಉಳಿ ಅವರ ಮಾತಿಗೆ ನೂರಕ್ಕೆ ತೊಂಬತ್ತು ಒಪ್ಪಿಗೆ. ಉಳಿದ ಹತ್ತು ಕುತ್ತಿಗೆ ವಿಷಯ.

ಎಡಗೈ ಹೆಬ್ಬೆರಳು ಗಂಟೆಗಟ್ಟಲೆ ಬೆವರಿಕೊಂಡು ಓಡಾಡೋ ಜಾಗಕ್ಕೆ ಅರಗು ನನಗೆ ಸರಿ ಕಾಣಲ್ಲ, ಸ್ವಲ್ಪ ದಿನಕ್ಕೆ ಅಂಟಂಟು ಅನ್ನಿಸತ್ತೆ. ನಾನು ಮೇಲ್ಹಲಗೆ, ಬೆನ್ನಿಗೆ ಅರಗು, ಕುತ್ತಿಗೆಗೆ ಮಾತ್ರ ಟ್ರೂ ಆಯಿಲ್ ಹಾಕ್ತೀನಿ. ಬಂದೂಕಿನ ಮರದ ಹಿಡಿಗೆ ಅಂತ ಮಾಡಿದ ಎಣ್ಣೆ ಅದು, ಗಿಟಾರ್ ಮಾಡೋರು ಎರವಲು ತಗೊಂಡಿದ್ದಾರೆ. ಬೆರಳಲ್ಲಿ ಎರಡು ಹನಿ, ಬಿಸಿ ಹುಟ್ಟೋವರೆಗೆ ತಿಕ್ಕಿ, ಮೇಲೆ ಉಳಿದದ್ದನ್ನ ಒರೆಸಿ, ಮರುದಿನ ಮತ್ತೆ. ಎಂಟು ಸಲ. ಕೊನೆಗೆ 0000 ಸ್ಟೀಲ್ ವುಲ್‌ನಲ್ಲಿ ಉದ್ದಕ್ಕೆ ನಾಲ್ಕು ಎಳೆತ. ಹೊಳಪು ಸತ್ತು ರೇಷ್ಮೆ ಥರ ಆಗತ್ತೆ, ಕೈ ಎಲ್ಲೂ ಹಿಡಿಯಲ್ಲ. ಕುತ್ತಿಗೆ ಪೆಟ್ಟಿಗೆಗೆ ಸೇರೋ ಕಡೆ ಟೇಪ್ ಹಾಕಿ ಗೆರೆ ಎಳೆದು ನಿಲ್ಲಿಸಿ. (ಎಲೆಕ್ಟ್ರಿಕ್ ಗಿಟಾರ್ ಮಾಡೋರು ಯಾರಾದ್ರೂ ಇದನ್ನ ಓದ್ತಿದ್ರೆ, ಪಿಕಪ್ (ತಂತಿಯ ಕಂಪನ ಹಿಡಿಯೋ ಅಯಸ್ಕಾಂತದ ಭಾಗ) ಹತ್ರ ಸ್ಟೀಲ್ ವುಲ್ ತರಬೇಡಿ. ಅದರ ಚೂರೆಲ್ಲ ಅಯಸ್ಕಾಂತಕ್ಕೆ ಮೀಸೆ ಬಂದ ಹಾಗೆ ಹತ್ತಿಕೊಳ್ಳತ್ತೆ.)

ಮೇಲ್ಹಲಗೆಗೆ ಎಣ್ಣೆ ಹಾಕೋದನ್ನ ನಾನೂ ಒಪ್ಪಲ್ಲ. ಸ್ಪ್ರೂಸ್ ಅದನ್ನ ಕುಡಿದು ಕೂತುಬಿಡತ್ತೆ, ವಾಪಸ್ ತೆಗೆಯೋಕಾಗಲ್ಲ.

ಮುಖ್ಯ ವಿಷಯ. ಅಗಸೆ ಎಣ್ಣೆ ಇರೋ ಯಾವುದೇ ಫಿನಿಶ್ ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಬೇಡಿ. ಎಣ್ಣೆ ಒಣಗುವಾಗ ಶಾಖ ಹುಟ್ಟತ್ತೆ. ಮುದ್ದೆಯೊಳಗೆ ಆ ಶಾಖಕ್ಕೆ ಹೊರಗೆ ಹೋಗೋ ದಾರಿ ಇಲ್ಲ, ಬೆಂಕಿ ಕಡ್ಡಿ ಗೀರದೆ ತಾನೇ ಹೊತ್ತಿಕೊಳ್ಳತ್ತೆ. ನಾನು ಒಂದು ಸಂಜೆ ಮರದ ಪುಡಿ ತುಂಬಿದ ಪ್ಲಾಸ್ಟಿಕ್ ಬಕೆಟ್‌ಗೆ ಎರಡು ಚಿಂದಿ ಎಸೆದು ಊಟಕ್ಕೆ ಹೋದೆ. ವಾಪಸ್ ಬಂದಾಗ ಕಡ್ಲೆ ಹುರಿದು ಸೀದ ಥರ ವಾಸನೆ. ಬಕೆಟ್ ಮುಟ್ಟಿದೆ, ಒಂದು ಕಡೆ ಸುಡ್ತಾ ಇತ್ತು, ಪ್ಲಾಸ್ಟಿಕ್ ಮೆತ್ತಗಾಗಿತ್ತು. ಇನ್ನರ್ಧ ಗಂಟೆ ಬಿಟ್ಟಿದ್ರೆ ಏನಾಗ್ತಿತ್ತೋ. ಆವತ್ತಿಂದ ಚಿಂದಿಯನ್ನ ಹೊರಗೆ ತಂತಿ ಮೇಲೆ ಒಂದೊಂದಾಗಿ ಬಿಚ್ಚಿ ಹರಡಿ ಒಣಗಿಸ್ತೀನಿ, ಇಲ್ಲಾಂದ್ರೆ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಿ.

ಆರನೇ ತಂತಿ

ನಾನು ಸ್ಪ್ರೇ ಪಕ್ಷದವನು, ಆದ್ರೂ ನಿಮ್ಮ ಮೂಲೆ ವಿವರಣೆ ಓದಿ ಅರಗೇ ಸರಿ ಅಂತೀನಿ.

ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಗ್ಗೆ ಯಾರೂ ಹೇಳಿಲ್ಲ ಅಂತ ನಾಲ್ಕು ಮಾತು. 1920ರ ದಶಕದಲ್ಲಿ ಕಾರಿಗೆ ಬಳಿಯೋಕೆ ಬಂದ ಬಣ್ಣ, ಗಿಟಾರ್ ಕಾರ್ಖಾನೆಗಳೂ ಅದನ್ನೇ ಹಿಡಿದವು. ಅರಗಿನ ಹಾಗೇ ಪದರಕ್ಕೆ ಪದರ ಕರಗಿ ಒಂದಾಗತ್ತೆ, ಅದಕ್ಕಿಂತ ಗಟ್ಟಿ, ತಿದ್ದೋಕೂ ಆಗತ್ತೆ. ಆದರೆ ಅದರ ಆವಿ ಪೆಟ್ರೋಲ್ ಥರ ಹೊತ್ತಿಕೊಳ್ಳತ್ತೆ, ಆರ್ಗಾನಿಕ್ ಆವಿ ತಡೆಯೋ ಮಾಸ್ಕ್ ಇಲ್ಲದೆ ಹತ್ರ ಹೋಗಬಾರದು. ಗಾಳಿಯಲ್ಲಿ ತೇವ ಜಾಸ್ತಿ ಇದ್ದ ದಿನ ಹೊಡೆದ್ರೆ ಪದರದೊಳಗೆ ನೀರು ಸಿಕ್ಕಿ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗತ್ತೆ. ಒಣಗಿದ ಹಾಗೆ ಕಂಡರೂ ನಾಲ್ಕು ವಾರ ಮುಟ್ಟಬಾರದು. ಮೂಗಿಟ್ಟು ನೋಡಿ, ತಿನ್ನರ್ ವಾಸನೆ ಬರ್ತಿದ್ರೆ ಇನ್ನೂ ಹಸಿ. ಇಷ್ಟೆಲ್ಲ ಆದಮೇಲೆ ಸ್ಟ್ಯಾಂಡ್‌ನ ರಬ್ಬರ್ ತಾಗಿದ ಕಡೆ ಕರಗಿ ಅಚ್ಚು ಬೀಳತ್ತೆ. ನನ್ನ ಎರಡನೇ ಗಿಟಾರ್ ಕುತ್ತಿಗೆ ಹಿಂದೆ ಎರಡು ಕಪ್ಪು ಕಲೆ ಇವತ್ತಿಗೂ ಇದೆ.

ಒಂದೇ ತಕರಾರು: ಉಳಿ ಅವರು ಪಾಲಿಯುರೆಥೇನ್ ಮೇಲೆ ಜಾಸ್ತಿ ಸಿಟ್ಟು ತೀರಿಸಿಕೊಂಡಿದ್ದಾರೆ. ದಪ್ಪ ಬಳಿದದ್ದು ಅವರು, ಬಣ್ಣ ಅಲ್ಲ. ಅರ್ಧಕ್ಕರ್ಧ ತೆಳು ಮಾಡಿ ಬಟ್ಟೆಯಲ್ಲಿ ಒರೆಸಿದ್ರೆ ಎಲೆಕ್ಟ್ರಿಕ್ ಗಿಟಾರ್‌ನ ಗಟ್ಟಿ ಮೈಗೆ ಅದಕ್ಕಿಂತ ಸಲೀಸು ಯಾವುದೂ ಇಲ್ಲ.

ಹಳೇ ಉಳಿ

ಆರನೇ ತಂತಿ, ಸಿಟ್ಟು ಇರುವುದು ನಿಜ, ಒಪ್ಪಿಕೊಂಡೆ. ಗಟ್ಟಿ ಮೈಯ ಗಿಟಾರ್‌ಗೆ ನೀವು ಹೇಳಿದ್ದೇ ಸರಿ. ಮೂರು ವಾರ ಹೆರೆದವನ ತೋಳು ಅಷ್ಟು ಬೇಗ ಮರೆಯಲ್ಲ, ಅಷ್ಟೇ.

ಎಣ್ಣೆಕೈ ಹೇಳಿದ ಚಿಂದಿ ವಿಷಯ ನಾನೇ ಬರೆಯಬೇಕಿತ್ತು, ಬಿಟ್ಟುಹೋಯಿತು. ಕೀಸುಳಿ ಅವರೇ, ಅದನ್ನು ಎರಡು ಸಲ ಓದಿ.

ಕೀಸುಳಿ

ಏಳು ವಾರ ಆದಮೇಲೆ ಬರೀತಿದ್ದೀನಿ, ಕ್ಷಮಿಸಿ. ಎಲ್ಲರಿಗೂ ಥ್ಯಾಂಕ್ಸ್.

ಟಾರ್ಚ್ ಬಿಟ್ಟು ನೋಡಿದ ರಾತ್ರಿ ನಿದ್ದೆ ಬರಲಿಲ್ಲ. ಬೆನ್ನ ಮೇಲೆ ಅಡ್ಡ ಗೀರು ಎಣಿಸೋಕಾಗದಷ್ಟಿತ್ತು. ಮತ್ತೆ 180ರಿಂದ ಶುರು ಮಾಡಿದೆ. ಸ್ಪಿರಿಟ್ ಒರೆಸಿದಾಗ ಕುತ್ತಿಗೆ ಪೆಟ್ಟಿಗೆಗೆ ಸೇರೋ ಕಡೆ ಅಂಟಿನ ಮಚ್ಚೆ ಹನ್ನೊಂದು ಸಿಕ್ಕವು. ಅಷ್ಟೂ ಪೆನ್ಸಿಲ್ ಸುತ್ತು ಹಾಕಿ ಹೆರೆದೆ.

ಗಂಟು ಹಿಡಿಯೋದು ಬರೋಕೆ ಸ್ಪ್ರೂಸ್ ತುಂಡಿನ ಮೇಲೆ ಐದು ದಿನ ಬೇಕಾಯ್ತು. ಮೊದಲೆರಡು ದಿನ ಎಣ್ಣೆ ಜಾಸ್ತಿ ಹಾಕ್ತಿದ್ದೆ, ಮಾರನೇ ದಿನ ನೋಡಿದರೆ ಹಲಗೆ ಬೆವರಿದ ಹಾಗೆ ಇರ್ತಿತ್ತು. ಮೂರನೇ ದಿನ ಆ ಮಬ್ಬು ಬಾಲ ಕಾಣಿಸ್ತು. ಹೆಂಡತಿನ ಕರೆದು ತೋರಿಸಿದೆ. ಅವಳು "ಎಲ್ಲಿ?" ಅಂದಳು, ಅಷ್ಟರಲ್ಲಿ ಮಾಯ.

ಗಿಟಾರ್ ಮೇಲೆ ಆರನೇ ಸಲ ಕೂತಾಗ ಅನಾಹುತ ಆಯ್ತು. ಫೋನ್ ಬೇರೆ ಕೋಣೇಲಿತ್ತು, ಆದರೆ ಬಾಗಿಲು ಬಡಿದರು. ತಿರುಗಿ ನೋಡಿದೆ ಅಷ್ಟೇ, ಕೈ ನಿಂತಿತ್ತು. ಸೌಂಡ್‌ಹೋಲ್ ಕೆಳಗೆ, ಎಲ್ಲರ ಕಣ್ಣಿಗೂ ಮೊದಲು ಬೀಳೋ ಜಾಗದಲ್ಲೇ, ಹಳೇ ನಾಣ್ಯದ ಗಾತ್ರದ ಚರ್ಮ ಸುಲಿದಂಥ ಕಲೆ, ಅದರಲ್ಲಿ ಬಟ್ಟೆಯ ನೇಯ್ಗೆ ಅಚ್ಚು ಬೇರೆ. ಹೊಟ್ಟೆ ತೊಳಸಿದ ಹಾಗಾಯ್ತು. ಈ ಚರ್ಚೆನ ಮತ್ತೆ ತೆಗೆದು ಓದಿದೆ. ಮುಟ್ಟದೆ ಎರಡು ದಿನ ಬಿಟ್ಟೆ, ಗಟ್ಟಿಯಾದ ಮೇಲೆ 400ರ ಕಾಗದದಲ್ಲಿ ಅಂಚು ಮಾತ್ರ ಸವರಿ, ತಗ್ಗಿಗೆ ಸಣ್ಣ ಕುಂಚದಲ್ಲಿ ದಿನಕ್ಕೆರಡು ತೊಟ್ಟು ಅರಗು ತುಂಬಿಸ್ತಾ ಬಂದೆ. ನಾಲ್ಕನೇ ದಿನ ಸಮ ಮಾಡಿ ಮತ್ತೆ ಗಂಟು ಓಡಿಸಿದೆ. ಈಗ ಎಲ್ಲಿ ಅಂತ ನನಗೇ ಹುಡುಕಬೇಕು. ಪಾಲಿಯುರೆಥೇನ್ ಆಗಿದ್ದರೆ ನಾನೂ ಸ್ಕ್ರೇಪರ್ ಹಿಡಿದು ಕೂತಿರ್ತಿದ್ದೆ.

ಕುಂಚದ ಕೆಲಸ ಪೂರ್ತಿ ಮಾಡಲಿಲ್ಲ, ಒಂದು ಕಡೆ ಪಟ್ಟಿ ಬಣ್ಣ ಸ್ಪ್ರೂಸ್ ಮೇಲೆ ಉಗುರಗಲ ಹರಿದಿದೆ. ಅದು ತೆಗೆಯೋಕಾಗಲ್ಲ ಅಂತ ಗೊತ್ತಾಯ್ತು. ಬಲಗೈ ಅಡ್ಡ ಬರೋ ಜಾಗ, ನುಡಿಸುವಾಗ ಕಾಣಲ್ಲ ಅಂತ ಸಮಾಧಾನ ಮಾಡ್ಕೊಂಡಿದ್ದೀನಿ. ಮಹಾಗನಿಗೆ ಪ್ಯೂಮಿಸ್ ಬೆನ್ನಿಗಷ್ಟೇ ಮಾಡಿದೆ, ಪಕ್ಕೆಗೆ ಬರುವಷ್ಟರಲ್ಲಿ ತೋಳು ಸೋತಿತ್ತು, ರಂಧ್ರ ಹಾಗೇ ಇದೆ. ಕುತ್ತಿಗೆಗೆ ಎಣ್ಣೆಕೈ ಹೇಳಿದ ಎಣ್ಣೆ. ಚಿಂದಿ ಎಲ್ಲ ಹೊರಗಿನ ತಂತಿ ಮೇಲೆ ಬಾವುಟದ ಹಾಗೆ ಹಾರಾಡ್ತಿವೆ.

ನಿನ್ನೆ ಟೇಪ್ ಕಿತ್ತು ಬ್ರಿಜ್ ಅಂಟಿಸಿದೆ. ಟೇಪ್ ಕೆಳಗಿನ ಬರೀ ಮರ ಎಷ್ಟು ಬೆಳ್ಳಗಿತ್ತು ಅಂದರೆ, ಸುತ್ತಲಿನ ಹಲಗೆ ಇಷ್ಟು ದಿನದಲ್ಲಿ ಜೇನಿನ ಬಣ್ಣಕ್ಕೆ ತಿರುಗಿದೆ ಅಂತ ಆಗಲೇ ತಿಳಿದದ್ದು. ಕ್ಲ್ಯಾಂಪ್ ಇನ್ನೂ ಬಿಚ್ಚಿಲ್ಲ. ಬಿಚ್ಚೋಕೆ ಧೈರ್ಯ ಸಾಲ್ತಿಲ್ಲ ಅನ್ನೋದು ನಿಜ. ಎಷ್ಟು ಹೊತ್ತು ಬಿಡಬೇಕು?

ಹಳೇ ಉಳಿ

ಒಂದು ಪೂರ್ತಿ ದಿನ ಆಗಿದ್ದರೆ ಬಿಚ್ಚಬಹುದು. ತಂತಿ ಏರಿಸಲು ಇನ್ನೆರಡು ದಿನ ತಡೆಯಿರಿ. ಉಕ್ಕಿ ಬಂದ ಅಂಟನ್ನು ಅಂಚಿನಿಂದ ಮರದ ಕಡ್ಡಿಯಲ್ಲಿ ಎತ್ತಿ, ಉಗುರು ಹಾಕಬೇಡಿ, ಅರಗು ಇನ್ನೂ ಎಳೆಯದು. ಏರಿಸುವಾಗ ಆರೂ ತಂತಿ ಒಂದೇ ಸಲ ಶ್ರುತಿಗೆ ತರಬೇಡಿ. ಎಲ್ಲವನ್ನೂ ಎರಡು ಸ್ವರ ಕೆಳಗೆ ನಿಲ್ಲಿಸಿ ಒಂದು ರಾತ್ರಿ ಬಿಡಿ.

ಮತ್ತೆ, ತಿರುಗಣೆ ತಿರುಗಿಸುವಾಗ ಬಗ್ಗಿ ಬ್ರಿಜ್ ಹತ್ತಿರ ಮುಖ ಇಡಬೇಡಿ.